ನೂರು ಟನ್ ಕಂಪ್ರೆಸರ್‌ಗೆ ನೂರು ಟನ್ ಕಂಡೆನ್ಸರ್ ಸಾಕೇ?

ಪ್ರಶ್ನೆ: ಬ್ಯಾಡಗಿ ಹತ್ತಿರ ಮೆಣಸಿನಕಾಯಿಗೆ ಕೋಲ್ಡ್ ಸ್ಟೋರೇಜ್ ಕಟ್ಟಿಸುತ್ತಿದ್ದೇವೆ. 100 ಟನ್ನಿನ ಅಮೋನಿಯಾ ಸ್ಕ್ರೂ ಕಂಪ್ರೆಸರ್ ಗೊತ್ತಾಗಿದೆ. ಅದಕ್ಕೆ 100 ಟನ್ನಿನ ಇವಾಪೊರೇಟಿವ್ ಕಂಡೆನ್ಸರ್ ತಂದರೆ ಆಯಿತಲ್ಲವೇ?

ಉತ್ತರ: ಆಗುವುದಿಲ್ಲ. ಪೈಪುಗಳ ಮೇಲೆ ನೀರು ಸುರಿಸಿ, ಫ್ಯಾನಿನ ಗಾಳಿ ಬೀಸಿ ಅಮೋನಿಯಾದ ಶಾಖವನ್ನೆಲ್ಲ ಹೊರಹಾಕುವುದು ಈ ಕಂಡೆನ್ಸರ್‌ನ ಕೆಲಸ. ಕೋಣೆಯಿಂದ ಎತ್ತಿದ ಶಾಖ ಒಂದು ಪಾಲು. ಅದನ್ನು ಎತ್ತಲು ಕಂಪ್ರೆಸರ್ ತಿಂದ ಕರೆಂಟು ಇನ್ನೊಂದು ಪಾಲು, ಅದೂ ಶಾಖವಾಗಿಯೇ ಹೊರಗೆ ಹೋಗಬೇಕು. ಇಲ್ಲಿ ಟನ್ ಅಂದರೆ ತೂಕವಲ್ಲ, ಶಾಖ ಎತ್ತುವ ಅಳತೆ. 100 ಟನ್ ಅಂದರೆ 352 ಕಿಲೋವ್ಯಾಟ್. ಅಮೋನಿಯಾ ಮೈನಸ್ 5 ಡಿಗ್ರಿಯಲ್ಲಿ ಕುದಿದು 38 ಡಿಗ್ರಿಯಲ್ಲಿ ದ್ರವವಾಗುವ ಪ್ಲಾಂಟಿನಲ್ಲಿ ಕಂಪ್ರೆಸರ್ ಸುಮಾರು 88 ಕಿಲೋವ್ಯಾಟ್ ಎಳೆಯುತ್ತದೆ. ಎರಡೂ ಸೇರಿ 440, ಅಂದರೆ 125 ಟನ್. ನಿಮ್ಮದು ಮೆಣಸಿನಕಾಯಿ, ಹಾಗಾಗಿ ಇಷ್ಟಕ್ಕೆ ಮುಗಿಯಿತು. ಮೀನು ಫ್ರೀಜ್ ಮಾಡುವವರಾಗಿದ್ದರೆ ಲೆಕ್ಕ ಒಂದೂವರೆ ಪಟ್ಟು ದಾಟುತ್ತಿತ್ತು.

ಸ್ಕ್ರೂ ಕಂಪ್ರೆಸರ್‌ನ ಆಯಿಲ್ ಕೂಲರ್ ಯಾವ ಬಗೆಯದು ಎಂದೂ ಕೇಳಿಕೊಳ್ಳಿ. ಥರ್ಮೋಸೈಫನ್ (ಅಮೋನಿಯಾವೇ ತಾನಾಗಿ ಹರಿದು ಎಣ್ಣೆ ತಣಿಸುವ ಬಗೆ) ಆದರೆ ಎಣ್ಣೆಯ ಶಾಖವೂ ಇದೇ ಕಂಡೆನ್ಸರ್‌ಗೇ ಬರುತ್ತದೆ. ಬೇರೆ ನೀರಿನಿಂದ ತಣಿಸುವುದಾದರೆ ಅಷ್ಟು ಕಳೆಯಬಹುದು.

ಇನ್ನು ಆ ‘ಟನ್’ ಯಾವ ಹವೆಯಲ್ಲಿ ಅಳೆದದ್ದು? ಅಮೆರಿಕದ ಕ್ಯಾಟಲಾಗುಗಳಲ್ಲಿ ಅಮೋನಿಯಾಕ್ಕೆ ಸಾಮಾನ್ಯವಾಗಿ 35.7 ಡಿಗ್ರಿ ಕಂಡೆನ್ಸಿಂಗ್ (ಅಮೋನಿಯಾ ದ್ರವವಾಗುವ ಉಷ್ಣತೆ), 25.6 ಡಿಗ್ರಿ ವೆಟ್ ಬಲ್ಬ್ ಎಂದಿರುತ್ತದೆ. ಈ ಯಂತ್ರಕ್ಕೆ ಬಿಸಿಲಿನ ಹಂಗಿಲ್ಲ. ಹಂಗಿರುವುದು ವೆಟ್ ಬಲ್ಬಿಗೆ, ಅಂದರೆ ಒದ್ದೆ ಬಟ್ಟೆ ಸುತ್ತಿದ ಥರ್ಮಾಮೀಟರ್ ತೋರುವ ಉಷ್ಣತೆಗೆ. ಕಲಬುರಗಿಯಲ್ಲಿ 40 ಡಿಗ್ರಿ ಸುಡುವಾಗ ತೇವಾಂಶ ಶೇ. 15 ಇದ್ದರೆ ವೆಟ್ ಬಲ್ಬ್ 21ರ ಆಸುಪಾಸು. ಮಂಗಳೂರಲ್ಲಿ ಬರೀ 33 ಡಿಗ್ರಿ, ಆದರೆ ತೇವಾಂಶ 70 ಆದರೆ 28 ದಾಟುತ್ತದೆ. ಯಂತ್ರಕ್ಕೆ ಕಷ್ಟ ಆ ಕರಾವಳಿಯ ಸೆಕೆಯೇ. ನಿಮ್ಮೂರಿಗೂ ಏಪ್ರಿಲ್ ಬಿಸಿಲನ್ನು ನೋಡಿ ಲೆಕ್ಕ ಹಾಕಬೇಡಿ. ಬಿಸಿಲಿನ ಜೊತೆ ಮಳೆಗಾಲದ ತೇವ ಸೇರುವ ದಿನಗಳನ್ನು ನೋಡಿ. ಮಾರುವವನ ಬಳಿ ‘ನಮ್ಮ ವೆಟ್ ಬಲ್ಬಿಗೆ, 38 ಡಿಗ್ರಿಗೆ, ಎಷ್ಟು ಕಿಲೋವ್ಯಾಟ್ ಹೊರಹಾಕುತ್ತೆ?’ ಎಂದು ಬರಹದಲ್ಲೇ ಕೇಳಿ. ಟನ್ನಿನ ಮಾತು ಬೇಡವೇ ಬೇಡ.

ಚಿಕ್ಕದು ತಂದರೆ ಪ್ಲಾಂಟ್ ನಿಲ್ಲುವುದಿಲ್ಲ, ಅದೇ ತೊಂದರೆ. ಗೇಜು 198 ಪಿಎಸ್‌ಐ ತೋರಬೇಕಾದಲ್ಲಿ ಮೆಲ್ಲಗೆ 220ಕ್ಕೆ ಏರಿ ಕೂರುತ್ತದೆ. ಕಂಡೆನ್ಸಿಂಗ್ ಒಂದು ಡಿಗ್ರಿ ಏರಿದರೆ ಕರೆಂಟು ಶೇ. 2–3 ಹೆಚ್ಚು. ಯಾರೂ ಗಮನಿಸುವುದಿಲ್ಲ, ಬಿಲ್ಲು ಕಟ್ಟುತ್ತಾ ಹೋಗುತ್ತಾರೆ. ಸ್ವಲ್ಪ ದೊಡ್ಡದೇ ತಗೊಳ್ಳಿ, ಫ್ಯಾನಿಗೆ ವಿಎಫ್‌ಡಿ (ಮೋಟರಿನ ವೇಗ ಹೆಚ್ಚು ಕಡಿಮೆ ಮಾಡುವ ಸಾಧನ) ಹಾಕಿಸಿ. ಚಳಿಗಾಲದ ರಾತ್ರಿ ಪ್ರೆಶರ್ ತೀರಾ ಇಳಿದರೆ ಸ್ಕ್ರೂವಿಗೆ ಎಣ್ಣೆ ಸರಿಯಾಗಿ ಹೋಗದಿರಬಹುದು, ಆಗ ಫ್ಯಾನ್ ನಿಧಾನವಾಗಬೇಕು.

ನೀರು ಮರೆಯಬೇಡಿ. 440 ಕಿಲೋವ್ಯಾಟ್ ಹೊರಹಾಕಲು ಗಂಟೆಗೆ ಸುಮಾರು 650 ಲೀಟರ್ ಆವಿಯಾಗುತ್ತದೆ. ಉಪ್ಪು ಮೂರು ಪಟ್ಟಿಗಿಂತ ಗಟ್ಟಿಯಾಗದಿರಲು ಅದರ ಅರ್ಧದಷ್ಟನ್ನು ಚೆಲ್ಲಲೇಬೇಕು. ಒಂದು ಪ್ಲಾಂಟಿನಲ್ಲಿ ‘ಕಂಪ್ರೆಸರ್ ಕೆಟ್ಟಿದೆ’ ಎಂದು ಕರೆಸಿದ್ದರು. ಕಂಡೆನ್ಸರ್ ಬಾಗಿಲು ತೆಗೆದರೆ ನಾಝಲ್‌ಗಳು ಕಟ್ಟಿಕೊಂಡಿದ್ದವು. ನೀರು ಬಿದ್ದಲ್ಲಿ ಪೈಪು ಪೈಪಿನಂತೆಯೇ ಇತ್ತು. ಅರೆಬರೆ ಒದ್ದೆಯಾಗಿ ಒಣಗಿದಲ್ಲಿ ಬೋರ್‌ವೆಲ್ ಸುಣ್ಣ ಮೊಸರಿನ ಗಡಿಗೆಯ ಹೊರಗೋಡೆಯಂತೆ ಹೆಪ್ಪುಗಟ್ಟಿತ್ತು. ಉಗುರಿನಲ್ಲಿ ಕೆರೆದರೆ ಬರಲಿಲ್ಲ. ಕಂಪ್ರೆಸರ್ ಬಿಚ್ಚಲು ಆಗಲೇ ಸ್ಪ್ಯಾನರ್ ಜೋಡಿಸಿಟ್ಟಿದ್ದರು ಅನ್ನಿ.

ಮುಂದೆ ಎರಡನೇ ಕಂಡೆನ್ಸರ್ ಜೋಡಿಸುವ ಯೋಚನೆಯಿದ್ದರೆ ಈಗಲೇ ಎತ್ತರ ಬಿಟ್ಟುಕೊಳ್ಳಿ. ಎರಡು ಕಂಡೆನ್ಸರ್‌ಗಳ ಕಾಯಿಲುಗಳಲ್ಲಿ, ಅಂದರೆ ಪೈಪಿನ ಸುರುಳಿಗಳಲ್ಲಿ, ಪ್ರೆಶರ್ ನಷ್ಟ ಒಂದೇ ಸಮ ಇರುವುದಿಲ್ಲ. ಒಂದು ಪಿಎಸ್‌ಐ ವ್ಯತ್ಯಾಸಕ್ಕೆ ದ್ರವ ಅಮೋನಿಯಾ ಸುಮಾರು 1.2 ಮೀಟರ್ ಮೇಲೇರಿ ನಿಲ್ಲುತ್ತದೆ, ಜಾಗವಿಲ್ಲದಿದ್ದರೆ ಕಾಯಿಲಿನೊಳಕ್ಕೇ ಹೊಕ್ಕು ಕೂರುತ್ತದೆ. ಆದ್ದರಿಂದ ಪ್ರತಿ ಕಾಯಿಲಿಗೂ ಕನಿಷ್ಠ ಒಂದೂವರೆ ಮೀಟರ್ ಇಳಿಪೈಪು, ಅದರ ಬುಡದಲ್ಲಿ ಟ್ರ್ಯಾಪ್ (ದ್ರವ ನಿಂತು ಅನಿಲವನ್ನು ತಡೆಯುವ ಬಾಗು). ಸ್ಟ್ಯಾಂಡ್ ಎರಕ ಹಾಕುವ ಮುಂಚೆ ರಿಸೀವರ್ (ದ್ರವ ಅಮೋನಿಯಾ ಇಳಿದು ಸೇರುವ ಟ್ಯಾಂಕು) ಎಲ್ಲಿ ಕೂರುತ್ತದೆ ಎಂದು ಡ್ರಾಯಿಂಗಿನಲ್ಲಿ ಅಳೆದು ನೋಡಿ.