ನೀಲಿ ಗೆರೆಯ ಗಟಾರ: ಕಾರ್ಖಾನೆಯ ಅಂಗಳಕ್ಕೆ ಬಿದ್ದ ಮಳೆ ಎಲ್ಲಿಗೆ ಹೋಗುತ್ತದೆ?

ಕೆಲವು ವರ್ಷಗಳ ಹಿಂದೆ, ಮೃಗಶಿರಾ ಮಳೆ ಹಿಡಿದ ವಾರದಲ್ಲಿ, ಕಾರವಾರದ ಹೊರವಲಯದ ಒಂದು ಸಣ್ಣ ಘಟಕಕ್ಕೆ ಹೋಗುವ ಸಂದರ್ಭ ಬಂದಿತ್ತು. ಕಚೇರಿಯ ಗೋಡೆಗೆ ಅಂಟಿಸಿದ್ದ ನಕ್ಷೆಯಲ್ಲಿ ನೀರು ಹರಿಯುವ ದಾರಿಗಳನ್ನು ಎರಡು ಬಣ್ಣಗಳಲ್ಲಿ ಗುರುತಿಸಿದ್ದರು. ಯಂತ್ರಗಳಿಂದ, ತೊಳೆಯುವ ಕಟ್ಟೆಯಿಂದ ಹೊರಟ ಕೆಂಪು ಗೆರೆಗಳೆಲ್ಲ ಶುದ್ಧೀಕರಣ ಘಟಕವನ್ನು ಸೇರುತ್ತಿದ್ದವು. ಚಾವಣಿ, ಅಂಗಳ, ಲಾರಿ ನಿಲ್ಲುವ ಜಾಗ, ಡೀಸೆಲ್ ಟ್ಯಾಂಕಿನ ಆವರಣ ಇವುಗಳಿಂದ ಹೊರಟ ನೀಲಿ ಗೆರೆಗಳು ಮಾತ್ರ ಎಲ್ಲಿಯೂ ತಡೆಯಿಲ್ಲದೆ ಕಾಂಪೌಂಡಿನ ಮೂಲೆಯ ಮೋರಿಯಿಂದ ಹಳ್ಳಕ್ಕೆ ಇಳಿದಿದ್ದವು. ಹೊರಗೆ ಬಂದು ನೋಡಿದರೆ ಆ ಮೋರಿಯ ಬಾಯಲ್ಲಿ ನೀರು ನವಿಲುಗರಿಯ ಬಣ್ಣದಲ್ಲಿ ಹೊಳೆಯುತ್ತಿತ್ತು. ಟ್ಯಾಂಕು ಸೋರಿದರೆ ಎಣ್ಣೆ ಆಚೆ ಹೋಗದಿರಲಿ ಎಂದು ಕಟ್ಟಿದ ಒಡ್ಡುಗೋಡೆಯ ಬುಡದಲ್ಲಿದ್ದ ವಾಲ್ವ್ ಪೂರ್ತಿ ತೆರೆದಿತ್ತು. ತೆರೆದ ಸ್ಥಿತಿಯಲ್ಲಿಯೇ ತುಕ್ಕು ಹಿಡಿದು ಕೂತಿತ್ತು. ಕೇಳಿದ್ದಕ್ಕೆ ಅಲ್ಲಿನ ಮೇಲ್ವಿಚಾರಕರು, "ಮುಚ್ಚಿಟ್ರೆ ಒಂದೇ ರಾತ್ರಿಗೆ ತುಂಬ್ತದೆ ಮಾರಾಯ್ರೆ, ಆಮೇಲೆ ಪಂಪು ಹಚ್ಚೂದು ಯಾರು?" ಎಂದರು. ಅವರ ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ.

ಉತ್ತರ ಕನ್ನಡದ ಕರಾವಳಿಯಲ್ಲಿ ಕೈಗಾರಿಕಾ ಮಾಲಿನ್ಯದ ಚರ್ಚೆ ಆರು ದಶಕಗಳಿಗೂ ಹಳೆಯದು. ಆ ಚರ್ಚೆಯೆಲ್ಲ ಬಹುಮಟ್ಟಿಗೆ ಕೆಂಪು ಗೆರೆಯ ಕುರಿತೇ ನಡೆಯಿತು. ನೀಲಿ ಗೆರೆಯಲ್ಲಿ ಹರಿಯುವುದು ಮಳೆನೀರು, ಮಳೆನೀರು ಶುದ್ಧ ಎಂಬ ಭಾವನೆ ಕಾನೂನು ಬರೆದವರಲ್ಲಿಯೂ ಇತ್ತು, ಕಾರ್ಖಾನೆ ಕಟ್ಟಿದವರಲ್ಲಿಯೂ ಇತ್ತು. ಆದರೆ ಇಲ್ಲಿ ಬೀಳುವ ಮಳೆ ಎಷ್ಟು ಎಂಬುದನ್ನು ಮೊದಲು ನೋಡಬೇಕು. ಕಾರವಾರ, ಅಂಕೋಲಾ, ಹೊನ್ನಾವರದ ಸೀಮೆಯಲ್ಲಿ ವರ್ಷಕ್ಕೆ ಸುಮಾರು 3000 ಮಿಲಿಮೀಟರ್ ಮತ್ತು ಅದಕ್ಕೂ ಹೆಚ್ಚು ಮಳೆಯಾಗುತ್ತದೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲಿಯೇ ಸುರಿಯುತ್ತದೆ. ಒಂದು ಹೆಕ್ಟೇರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಅದು 10 ಸಾವಿರ ಲೀಟರ್ ನೀರು. ಆ ಲೆಕ್ಕದಲ್ಲಿ ಒಂದೇ ಹೆಕ್ಟೇರ್ ಅಂಗಳಕ್ಕೆ ವರ್ಷಕ್ಕೆ 3 ಕೋಟಿ ಲೀಟರ್ ಬೀಳುತ್ತದೆ. ಅಂಗಳಕ್ಕೆ ಕಾಂಕ್ರೀಟ್ ಹಾಸಿದ್ದರೆ ಅದರಲ್ಲಿ ಇಂಗುವುದು ಅತ್ಯಲ್ಪ, ಉಳಿದದ್ದೆಲ್ಲ ದಾರಿಯಲ್ಲಿ ಸಿಕ್ಕಿದ್ದನ್ನು ಹೊತ್ತು ಹೊರಡುತ್ತದೆ.

ಜಿಲ್ಲೆಗೆ ದೊಡ್ಡ ಕೈಗಾರಿಕೆ ಬಂದದ್ದು ಕಾಡಿನ ಬೆನ್ನು ಹಿಡಿದು. ದಾಂಡೇಲಿಯ ಕಾಗದ ಕಾರ್ಖಾನೆ 1959ರಲ್ಲಿ ಉತ್ಪಾದನೆ ಆರಂಭಿಸಿದಾಗ ಬಿದಿರೂ ಹತ್ತಿರವಿತ್ತು, ಕಾಳಿಯ ನೀರೂ ಹತ್ತಿರವಿತ್ತು. ಜೊಯಿಡಾದ ಡಿಗ್ಗಿಯಲ್ಲಿ ಹುಟ್ಟಿ ಸುಮಾರು 184 ಕಿಲೋಮೀಟರ್ ಹರಿದು ಸದಾಶಿವಗಡದ ಬುಡದಲ್ಲಿ ಸಮುದ್ರ ಸೇರುವ ಈ ನದಿಯ ನೀರಿನ ಬಣ್ಣ ಮತ್ತು ವಾಸನೆಯ ಕುರಿತ ದೂರುಗಳೇ ಇಲ್ಲಿ ಮಾಲಿನ್ಯದ ಮೊದಲ ಪಾಠವಾದವು. ಕಾಗದ ತಯಾರಿಕೆಯ ಕಪ್ಪು ದ್ರಾವಣ ಕಣ್ಣಿಗೆ ಕಾಣುವಂಥದ್ದು. ಅದು ಯಾವ ಕೊಳವೆಯಿಂದ ಬಂತೆಂದು ಬೆರಳಿಟ್ಟು ತೋರಿಸಬಹುದು. ಹೀಗಾಗಿ ಜನರ ಕಣ್ಣೂ ಅಧಿಕಾರಿಗಳ ಕಣ್ಣೂ ಕೊಳವೆಯ ಬಾಯಿಗೆ ನೆಟ್ಟವು.

1974ರ ಜಲ ಮಾಲಿನ್ಯ ನಿವಾರಣೆ ಮತ್ತು ನಿಯಂತ್ರಣ ಕಾಯಿದೆ ಈ ದೃಷ್ಟಿಯನ್ನೇ ಗಟ್ಟಿಗೊಳಿಸಿತು. ಅದೇ ವರ್ಷ ರಾಜ್ಯದಲ್ಲಿ ಮಾಲಿನ್ಯ ನಿಯಂತ್ರಣ ಮಂಡಳಿ ರಚನೆಯಾಯಿತು, ತ್ಯಾಜ್ಯಜಲ ಹೊರಬಿಡುವವರು ಮಂಡಳಿಯ ಸಮ್ಮತಿ ಪತ್ರ ಪಡೆಯಬೇಕಾಯಿತು. ಕಾಯಿದೆಯ 24ನೇ ಕಲಮು ನೇರವಾಗಿಯಾಗಲಿ ಪರೋಕ್ಷವಾಗಿಯಾಗಲಿ ವಿಷಪದಾರ್ಥವನ್ನು ಹೊಳೆಗೆ, ಬಾವಿಗೆ ಸೇರಿಸುವುದನ್ನು ನಿಷೇಧಿಸುತ್ತದೆ. ಪರೋಕ್ಷವಾಗಿ ಎಂಬ ಮಾತಿರುವುದರಿಂದ ಅಂಗಳದ ನೀರೂ ಇದರೊಳಗೆ ಬರುತ್ತದೆಂದು ವಾದಿಸಬಹುದು. ಆದರೆ ಅದೇ ಕಲಮಿನಲ್ಲಿ "ತಿಳಿದೂ" ಮಾಡಿದವರು ಎಂಬ ಷರತ್ತೂ ಇದೆ. ಕೊಳವೆಯನ್ನು ಹೊಳೆಗೆ ತಿರುಗಿಸಿದವರು ತಿಳಿದೇ ತಿರುಗಿಸಿರುತ್ತಾರೆ. ಆರಿದ್ರಾ ಮಳೆ ಹೊಡೆದು ಬೂದಿಯ ರಾಶಿ ಕೊಚ್ಚಿಹೋದರೆ ಅದನ್ನು ಯಾರು ತಿಳಿದು ಮಾಡಿದಂತಾಯಿತು? ಮಳೆಗೆ ನೋಟಿಸು ಕೊಡಲು ಬರುವುದಿಲ್ಲ.

ಇದಕ್ಕೆ ಇನ್ನೊಂದು ತೊಡಕು ಸೇರಿಕೊಂಡಿತು. ಮಳೆನೀರನ್ನು ತ್ಯಾಜ್ಯಜಲದ ಜೊತೆ ಬೆರೆಸಬಾರದು, ಎರಡಕ್ಕೂ ಪ್ರತ್ಯೇಕ ಕಾಲುವೆ ಇರಬೇಕು ಎಂಬುದು ಸಮ್ಮತಿ ಪತ್ರಗಳಲ್ಲಿ ಸಾಮಾನ್ಯವಾಗಿ ಕಾಣುವ ಷರತ್ತು. ಇದರ ಉದ್ದೇಶ ಸರಿಯಾಗಿಯೇ ಇದೆ. ಕೊಳಕನ್ನು ಮಳೆನೀರಿನಿಂದ ತೆಳುಮಾಡಿ ಪರೀಕ್ಷೆಯಲ್ಲಿ ಪಾರಾಗಬಾರದು, ಶುದ್ಧೀಕರಣ ಘಟಕ ಮಳೆಗಾಲದಲ್ಲಿ ತುಂಬಿ ಉಕ್ಕಬಾರದು ಎಂಬುದು ಅದರ ಕಾಳಜಿ. ಆದರೆ ಬೇರ್ಪಡಿಸಿದ ಮೇಲೆ ಆ ಎರಡನೆಯ ಕಾಲುವೆಯಲ್ಲಿ ಹರಿಯುವುದನ್ನು ಪರೀಕ್ಷಿಸುವ ಅಭ್ಯಾಸ ಅಷ್ಟು ಚೆನ್ನಾಗಿ ಬೇರೂರಲಿಲ್ಲ. ಪ್ರತ್ಯೇಕವಾಗಿದೆ ಎಂದರೆ ಶುದ್ಧವಾಗಿದೆ ಎಂದೇ ಓದಿಕೊಳ್ಳಲಾಯಿತು.

ಹಾಗೆ ಓದಿಕೊಳ್ಳುವುದರಲ್ಲಿರುವ ಅಪಾಯ ಏನೆಂಬುದನ್ನು ಪಾದರಸದ ಕತೆ ತೋರಿಸುತ್ತದೆ. ಕಾರವಾರದ ದಕ್ಷಿಣಕ್ಕಿರುವ ಬಿಣಗಾದಲ್ಲಿ 1970ರ ದಶಕದಲ್ಲಿ ಕಾಸ್ಟಿಕ್ ಸೋಡಾ ಕಾರ್ಖಾನೆ ಬಂತು. ಉಪ್ಪುನೀರಿಗೆ ವಿದ್ಯುತ್ ಹರಿಸಿ ಕಾಸ್ಟಿಕ್ ಸೋಡಾ, ಕ್ಲೋರಿನ್ ತೆಗೆಯುವ ಈ ಉದ್ಯಮದಲ್ಲಿ ಆಗ ದೇಶದಾದ್ಯಂತ ಪಾದರಸದ ಕೋಶಗಳೇ ಹೆಚ್ಚು ಬಳಕೆಯಲ್ಲಿದ್ದವು. ಈ ವಿಧಾನದಲ್ಲಿ ಪಾದರಸ ಕೊಳವೆಯ ನೀರಿನಲ್ಲಿ ಮಾತ್ರ ಹೊರಬರುವುದಿಲ್ಲ. ಕೋಶಗಳಿರುವ ಕೊಠಡಿಯ ನೆಲದ ಬಿರುಕುಗಳಲ್ಲಿ ಅದು ಹನಿಹನಿಯಾಗಿ ಇಳಿಯುತ್ತದೆ. ಉಪ್ಪುನೀರು ಶುದ್ಧಮಾಡಿದಾಗ ಉಳಿಯುವ ಕೆಸರಿನಲ್ಲಿ ಸೇರಿರುತ್ತದೆ. ಆವಿಯಾಗಿ ಹೋಗಿ ಸುತ್ತಲಿನ ಚಾವಣಿ, ಮಣ್ಣುಗಳ ಮೇಲೆ ಕೂರುತ್ತದೆ. ಆ ಕೆಸರನ್ನು ಬಯಲಲ್ಲಿ ಗುಡ್ಡೆ ಹಾಕಿಟ್ಟರೆ ಉಳಿದ ಕೆಲಸವನ್ನು ಮಳೆ ಮಾಡುತ್ತದೆ. ಜಪಾನಿನ ಮಿನಮಾಟದಲ್ಲಿ ಪಾದರಸದ ಕಾಯಿಲೆಯನ್ನು ಅಧಿಕೃತವಾಗಿ ಗುರುತಿಸಿದ್ದು 1956ರಲ್ಲಿ. ಕೊಲ್ಲಿಯ ಮೀನು ತಿಂದವರಿಗೆ ಬಂದ ಆ ಕಾಯಿಲೆಯ ಸುದ್ದಿ ಕರಾವಳಿಯ ವಿಜ್ಞಾನಿಗಳಿಗೆ ಹೊಸದಾಗಿರಲಿಲ್ಲ. ಕಾರವಾರದ ಕಾಸ್ಟಿಕ್ ಸೋಡಾ ಘಟಕದ ಸುತ್ತಲಿನ ಪಾದರಸದ ಕುರಿತು ಮೀನುಗಾರಿಕಾ ಸಂಶೋಧಕರು ಬರೆದ ಪ್ರಬಂಧವೊಂದು 1990ರಲ್ಲಿ ಅಂತಾರಾಷ್ಟ್ರೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಮುಂದೆ 2003ರಲ್ಲಿ ಕೇಂದ್ರ ಸರ್ಕಾರ ಉದ್ಯಮಗಳೊಂದಿಗೆ ಮಾಡಿಕೊಂಡ ಒಡಂಬಡಿಕೆಯಲ್ಲಿ ಪಾದರಸದ ಕೋಶಗಳನ್ನು ಬಿಟ್ಟು ಪಾದರಸವೇ ಬೇಡದ ಮೆಂಬ್ರೇನ್ ಕೋಶಗಳಿಗೆ ಹೋಗುವ ಗುರಿ ಸೇರಿತು, 2017ರಲ್ಲಿ ಪಾದರಸಕ್ಕೆ ಕಡಿವಾಣ ಹಾಕುವ ಅಂತಾರಾಷ್ಟ್ರೀಯ ಮಿನಮಾಟ ಒಪ್ಪಂದ ಜಾರಿಗೆ ಬಂತು, 2018ರಲ್ಲಿ ಭಾರತ ಅದನ್ನು ಅನುಮೋದಿಸಿತು.

ಇಲ್ಲಿ ಒಂದು ಲೆಕ್ಕವನ್ನು ಮಾಡಿ ನೋಡುವುದು ಒಳ್ಳೆಯದು. ಕಾರ್ಖಾನೆಯಿಂದ ಹೊರಬಿಡುವ ನೀರಿನಲ್ಲಿ ಲೀಟರಿಗೆ 0.01 ಮಿಲಿಗ್ರಾಂವರೆಗೆ ಪಾದರಸ ಇರಬಹುದೆಂದು ನಮ್ಮ ಸಾಮಾನ್ಯ ಮಾನದಂಡ ಹೇಳುತ್ತದೆ. ಕೇಳಲು ಇದು ಬಹಳ ಕಡಿಮೆ. ಆದರೆ 10 ಹೆಕ್ಟೇರಿನ ಅಂಗಳದಿಂದ ವರ್ಷವಿಡೀ ಹರಿಯುವ 30 ಕೋಟಿ ಲೀಟರ್ ಮಳೆನೀರಿನಲ್ಲಿ ಅಷ್ಟೇ ಪ್ರಮಾಣ ಇದೆಯೆಂದು ಇಟ್ಟುಕೊಂಡರೂ, ಒಂದು ಮಾದರಿಯೂ ಮಿತಿ ಮೀರದೆ, 3 ಕಿಲೋ ಪಾದರಸ ಸಮುದ್ರ ಸೇರಿರುತ್ತದೆ. ಇದು ಯಾವ ಕಾರ್ಖಾನೆಯ ಅಳತೆಯೂ ಅಲ್ಲ, ಬರಿಯ ಗುಣಾಕಾರ. ಲೀಟರಿನ ಲೆಕ್ಕದಲ್ಲಿ ಮಾತ್ರ ನೋಡುವ ಮಾನದಂಡ ಮಳೆನಾಡಿನಲ್ಲಿ ಹೇಗೆ ಸೋಲುತ್ತದೆ ಎಂಬುದು ಇದರಿಂದ ಅರ್ಥವಾದರೆ ಸಾಕು. ಮಳೆ ಹೆಚ್ಚಾದಷ್ಟೂ ವರದಿ ಚೆನ್ನಾಗಿ ಕಾಣುತ್ತದೆ. ಸಮುದ್ರಕ್ಕೆ ಬೀಳುವ ಒಟ್ಟು ತೂಕ ಮಾತ್ರ ಕಡಿಮೆಯಾಗಿರುವುದಿಲ್ಲ.

ಬಿಣಗಾದಲ್ಲಿ ಕೊಳವೆಯೂ ಅಂಗಳವೂ ಇದ್ದವು. ಈ ಶತಮಾನದ ಮೊದಲ ದಶಕದಲ್ಲಿ ಬಂದದ್ದು ಕೊಳವೆಯೇ ಇಲ್ಲದ ಉದ್ಯಮ. ಚೀನಾದ ಬೇಡಿಕೆಯಿಂದ ಬಳ್ಳಾರಿ, ಹೊಸಪೇಟೆ ಕಡೆಯ ಕಬ್ಬಿಣದ ಅದಿರಿನ ಬೆಲೆ ಏರಿತು. ಯಲ್ಲಾಪುರದಿಂದ ಅರಬೈಲ್ ಘಟ್ಟ ಇಳಿದು ಬರುವ ಲಾರಿಗಳ ಸಾಲು ಅಂಕೋಲೆಯವರ ನಿತ್ಯದ ನೋಟವಾಯಿತು. ರಸ್ತೆಯ ಬದಿಯ ಮರಗಳ ಎಲೆಯೆಲ್ಲ ಕೆಮ್ಮಣ್ಣಿನ ಬಣ್ಣ ತಾಳಿತ್ತು. ಕಾರವಾರದ ಬಂದರಿನಲ್ಲಿಯೂ ಅಂಕೋಲಾದ ಬೇಲೆಕೇರಿ ಬಂದರಿನಲ್ಲಿಯೂ ಅದಿರಿನ ಪುಡಿಯನ್ನು ಬಯಲಿನಲ್ಲಿಯೇ ಗುಡ್ಡೆಗುಡ್ಡೆಯಾಗಿ ಸುರಿಯುತ್ತಿದ್ದರು. ಅಲ್ಲಿ ಶುದ್ಧೀಕರಿಸಬೇಕಾದ ತ್ಯಾಜ್ಯಜಲ ಎಂಬುದೇ ಇರಲಿಲ್ಲ. ಇದ್ದದ್ದು ರಾಶಿ, ಟಾರ್ಪಾಲು ಮತ್ತು ಮಳೆ.

ನೆನೆದ ಅದಿರು ಅಪಾಯಕಾರಿ ಎಂಬುದು ವ್ಯಾಪಾರಿಗಳಿಗೆ ಗೊತ್ತಿಲ್ಲದ್ದೇನಲ್ಲ. 2009ರ ಜುಲೈನಲ್ಲಿ ಮಂಗಳೂರಿನ ಆಚೆ ಏಷಿಯನ್ ಫಾರೆಸ್ಟ್ ಎಂಬ ಹಡಗು ಕಬ್ಬಿಣದ ಅದಿರಿನ ಪುಡಿ ಹೊತ್ತು ಹೊರಟು ಮುಳುಗಿತು. ಹೆಚ್ಚು ತೇವವಿರುವ ಪುಡಿ ಹಡಗಿನ ಕುಲುಕಾಟಕ್ಕೆ ಕೆಸರಿನಂತೆ ದ್ರವವಾಗಿ ಒಂದು ಕಡೆಗೆ ಜಾರುತ್ತದೆ. ಆಮೇಲೆ ಅದಿರಿನ ತೇವಾಂಶದ ಬಗ್ಗೆ ಹಡಗಿನ ಲೋಕದಲ್ಲಿ ಸಾಕಷ್ಟು ಎಚ್ಚರ ಮೂಡಿತು. ರಾಶಿಯನ್ನು ನೆನೆಸಿದ ಅದೇ ಮಳೆ ಅದರ ಬುಡದಿಂದ ಕೆಂಪಗೆ ಹರಿದು ಎಲ್ಲಿಗೆ ಹೋಯಿತೆಂಬುದು ಯಾರ ವಿಮೆಯ ಕಾಗದದಲ್ಲಿಯೂ ಬರುವ ವಿಷಯವಾಗಿರಲಿಲ್ಲ.

2010ರಲ್ಲಿ ಬೇಲೆಕೇರಿಯಲ್ಲಿ ಲಕ್ಷಗಟ್ಟಲೆ ಟನ್ ಅದಿರನ್ನು ಅರಣ್ಯ ಇಲಾಖೆ ಜಪ್ತಿ ಮಾಡಿತು, ಅದರಲ್ಲಿ ದೊಡ್ಡ ಪಾಲು ಮಾಯವಾಯಿತು, ಜುಲೈನಲ್ಲಿ ರಾಜ್ಯ ಸರ್ಕಾರ ಬಂದರುಗಳಿಂದ ಅದಿರು ರಫ್ತನ್ನು ನಿಲ್ಲಿಸಿತು, 2011ರಲ್ಲಿ ಲೋಕಾಯುಕ್ತ ನ್ಯಾಯಮೂರ್ತಿ ಸಂತೋಷ್ ಹೆಗ್ಡೆಯವರ ವರದಿ ಬಂತು. ಇದೆಲ್ಲ ರಾಜ್ಯಕ್ಕೇ ಗೊತ್ತಿರುವ ರಾಜಕೀಯ ಇತಿಹಾಸ. ಕಳವಾದ ಅದಿರಿನ ಲೆಕ್ಕ ನ್ಯಾಯಾಲಯದವರೆಗೆ ಹೋಯಿತು. ಮಳೆಗಾಲದಲ್ಲಿ ಬಯಲಲ್ಲಿ ಬಿದ್ದಿದ್ದ ರಾಶಿಗಳಿಂದ ಕೊಚ್ಚಿಹೋದದ್ದರ ಲೆಕ್ಕ ಕೇಳಿದವರನ್ನು ನಾನು ಕಂಡಿಲ್ಲ. ಕಬ್ಬಿಣದ ಆಕ್ಸೈಡು ಪಾದರಸದಂಥ ವಿಷವಲ್ಲ, ನಿಜ. ಆದರೆ ನಯವಾದ ಪುಡಿ ಅಳಿವೆಯ ತಳದಲ್ಲಿ ಪದರಪದರವಾಗಿ ಕೂತರೆ, ನೀರನ್ನು ಸೋಸಿಯೇ ಬದುಕುವ ಬಳಚಿನಂಥ ಚಿಪ್ಪುಜೀವಿಗಳಿಗೆ ಉಸಿರು ಕಟ್ಟುತ್ತದೆ.

ಕಾಲದ ಹೊಂದಾಣಿಕೆಯೂ ಇಲ್ಲಿ ಕೆಟ್ಟದ್ದೇ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ದೋಣಿಗಳು ಕಡಲಿಗಿಳಿಯುವಂತಿಲ್ಲ. ಅದು ಮೀನು ಮೊಟ್ಟೆಯಿಡುವ, ಮರಿಗಳು ಬೆಳೆಯುವ ಹೊತ್ತು ಎಂಬುದು ಆ ನಿಷೇಧದ ಮುಖ್ಯ ಕಾರಣಗಳಲ್ಲೊಂದು. ಏಳೆಂಟು ತಿಂಗಳು ಅಂಗಳದಲ್ಲಿ ಕೂತ ಎಣ್ಣೆ, ಬೂದಿ, ಲೋಹದ ಪುಡಿಯೆಲ್ಲ ತೊಳೆದು ಹೋಗುವುದೂ ಇದೇ ಜೂನಿನ ಮೊದಲ ಮಳೆಗಳಲ್ಲಿ. ಮೀನುಗಾರರು ಬಲೆ ಮಡಚಿಟ್ಟು ಮನೆಯಲ್ಲಿ ಕೂರುವ ದಿನಗಳಲ್ಲಿ ಕಾರ್ಖಾನೆಗಳ ಮೋರಿಗಳು ಪೂರ್ಣಾವಧಿ ಕೆಲಸ ಮಾಡುತ್ತವೆ.

ಬೇರೆ ದೇಶಗಳೂ ಈ ತಪ್ಪನ್ನು ಮಾಡಿ ತಿದ್ದಿಕೊಂಡಿವೆ. ಅಮೆರಿಕದ 1972ರ ಶುದ್ಧ ಜಲ ಕಾಯಿದೆ ಮೊದಲು ಹಿಡಿದದ್ದು ಕೊಳವೆಯನ್ನೇ. 1987ರ ತಿದ್ದುಪಡಿ ಕೈಗಾರಿಕೆಗಳ ಮಳೆನೀರನ್ನು ಸ್ಪಷ್ಟವಾಗಿ ಪರವಾನಗಿಯ ಕಕ್ಷೆಗೆ ತಂದಿತು, 1990ರಲ್ಲಿ ನಿಯಮಗಳು ಬಂದವು. ಯಾವ ವಸ್ತು ಎಲ್ಲಿದೆ, ಮಳೆ ಅದನ್ನು ಎಲ್ಲಿ ತಾಗುತ್ತದೆ, ತಾಗಿದ ನೀರು ಎಲ್ಲಿ ಇಳಿಯುತ್ತದೆ ಎಂದು ಪ್ರತಿ ಘಟಕವೂ ಬರೆದಿಡುವುದು ಅಲ್ಲಿಂದ ಕಡ್ಡಾಯವಾಯಿತು. ನನಗೆ ಅದರಲ್ಲಿ ಹಿಡಿಸಿದ್ದು ಆಮೇಲೆ ಸೇರಿದ ಒಂದು ವಿನಾಯಿತಿ: ಮಳೆ ತಾಗದಂತೆ ಎಲ್ಲವನ್ನೂ ಸೂರಿನಡಿ ಇಟ್ಟವರಿಗೆ ಆ ಪರವಾನಗಿಯೇ ಬೇಡ. ಮೇ ತಿಂಗಳಲ್ಲಿ ಕಟ್ಟಿಗೆಯನ್ನು ಕೊಟ್ಟಿಗೆಗೆ ಸೇರಿಸಿ, ಅಂಗಳದ ಬದಿಗೆ ತಟ್ಟಿ ಕಟ್ಟಿ ಮಳೆಗೆ ಸಿದ್ಧವಾಗುವ ಶಿರಸಿ, ಸಿದ್ದಾಪುರದ ಮನೆಯವರಿಗೆ ಈ ನಿಯಮವನ್ನು ಯಾರೂ ವಿವರಿಸಬೇಕಾಗಿಲ್ಲ. ಭಾರತದಲ್ಲಿ ಇದೇ ವಿಚಾರ ತುಂಡುತುಂಡಾಗಿ ಬಂದಿದೆ. 1989ರಲ್ಲಿ ಮೊದಲು ಬಂದು 2016ರಲ್ಲಿ ಹೊಸ ರೂಪ ಪಡೆದ ಅಪಾಯಕಾರಿ ತ್ಯಾಜ್ಯ ನಿಯಮಗಳು ಸಾಮಾನ್ಯವಾಗಿ 90 ದಿನಕ್ಕಿಂತ ಹೆಚ್ಚು ಕಾಲ ಅಂಥ ತ್ಯಾಜ್ಯವನ್ನು ಆವರಣದಲ್ಲಿ ಇಟ್ಟುಕೊಳ್ಳಲು ಬಿಡುವುದಿಲ್ಲ. ಅಷ್ಟರ ಮಟ್ಟಿಗೆ ಅಂಗಳವೂ ಕಾನೂನಿನ ಕಣ್ಣಿಗೆ ಬಿದ್ದಿದೆ.

ಮಾಡಬೇಕಾದ ಕೆಲಸದಲ್ಲಿ ದೊಡ್ಡ ವಿಜ್ಞಾನವೇನೂ ಇಲ್ಲ, ಅಡಿಕೆ ತೋಟದ ಬಸಿಗಾಲುವೆ ತೆಗೆದವರಿಗೆ ಗೊತ್ತಿರುವ ವಿವೇಕವೇ ಸಾಕು. ಗುಡ್ಡದಿಂದ ಬರುವ ಒಳ್ಳೆಯ ನೀರನ್ನು ಕಾಂಪೌಂಡಿನ ಹೊರಗಿನಿಂದಲೇ ತಿರುಗಿಸಬೇಕು, ಚಾವಣಿಯ ನೀರು ಲಾರಿ ಓಡಾಡುವ ನೆಲಕ್ಕೆ ಬೀಳದೆ ಬೇರೆ ದಾರಿ ಹಿಡಿಯಬೇಕು. ಹೀಗೆ ಮಾಡಿದ ಮೇಲೆ ಕೊಳಕಾಗುವ ನೀರು ಎಷ್ಟೋ ಪಾಲು ಕಡಿಮೆಯಾಗುತ್ತದೆ. ಅದರಲ್ಲಿಯೂ ಮೊದಲ ಮಳೆಯ ಮೊದಲ ಹರಿವೇ ಅತಿ ಕೊಳಕು. ಒಂದು ಹೆಕ್ಟೇರಿನ ಮೊದಲ 25 ಮಿಲಿಮೀಟರ್ ಹಿಡಿದಿಡಲು ಎರಡೂವರೆ ಲಕ್ಷ ಲೀಟರಿನ ತೊಟ್ಟಿ ಬೇಕು, ಎಂದರೆ ಹತ್ತು ಸಾವಿರ ಲೀಟರಿನ 25 ಟ್ಯಾಂಕರಿನಷ್ಟು. ಒಂದೇ ದಿನ 100 ಮಿಲಿಮೀಟರ್ ಸುರಿಯುವ ಊರಿನಲ್ಲಿ ಎಲ್ಲ ಮಳೆಯನ್ನೂ ಹಿಡಿಯುತ್ತೇನೆಂದು ಹೊರಡುವುದು ಹುಚ್ಚುತನ. ಮೇ ಕೊನೆಯೊಳಗೆ ಅಂಗಳ ಗುಡಿಸಿ, ರಾಶಿಗೆ ಸೂರು ಹಾಕಿ, ಗಟಾರದ ಹೂಳು ತೆಗೆದು, ಎಣ್ಣೆ ಬೇರ್ಪಡಿಸುವ ತೊಟ್ಟಿಯನ್ನು ಖಾಲಿ ಮಾಡಿಟ್ಟುಕೊಳ್ಳುವುದು ಅದಕ್ಕಿಂತ ಅಗ್ಗ.

ಹೊಸ ಯೋಜನೆಗಳ ಕಾಗದಗಳನ್ನು ಓದುವಾಗಲೂ ಇದನ್ನು ನೆನಪಿಡಬೇಕು. ಅಂಕೋಲಾದ ಕೇಣಿಯಲ್ಲಿ ಬಂದರಿನ ಪ್ರಸ್ತಾವಕ್ಕೆ ಮೀನುಗಾರರ ವಿರೋಧ ನಡೆದಿದೆ, ಕಾರವಾರದ ಬಂದರು ವಿಸ್ತರಣೆಗೆ 2020ರ ಜನವರಿಯಲ್ಲಿ ದೊಡ್ಡ ಪ್ರತಿಭಟನೆಯೇ ಆಗಿತ್ತು. 2006ರ ಅಧಿಸೂಚನೆಯಡಿ ನಡೆಯುವ ಪರಿಸರ ಪರಿಣಾಮದ ಅಧ್ಯಯನಗಳಲ್ಲಿ ನೀರು, ಗಾಳಿ, ಮಣ್ಣಿನ ಮೂಲ ಅಳತೆಗಳನ್ನು ಸಾಮಾನ್ಯವಾಗಿ ಒಂದು ಋತುವಿನಲ್ಲಿ ತೆಗೆಯುತ್ತಾರೆ, ಆ ಋತು ಮಳೆಗಾಲವಾಗಿರಬಾರದು ಎಂಬುದು ರೂಢಿ. ಗಾಳಿಯ ಧೂಳು ಅಳೆಯಲು ಇದು ಸರಿಯಿರಬಹುದು. ಆದರೆ ಹೊಳೆ ತುಂಬಿ ಹರಿಯುವ ನಾಲ್ಕು ತಿಂಗಳನ್ನು ಬಿಟ್ಟು ಡಿಸೆಂಬರಿನ ತಿಳಿನೀರನ್ನು ಅಳೆದು ಬರೆದ ವರದಿಯಲ್ಲಿ ಅಂಗಳದ ಮಳೆನೀರಿಗೆ ಎಷ್ಟು ಪುಟ ಸಿಕ್ಕಿದೆ ಎಂದು ಅಹವಾಲು ಸಭೆಗೆ ಹೋಗುವವರು ಮೊದಲು ತೆರೆದು ನೋಡಬೇಕು.

ಆ ಸಣ್ಣ ಘಟಕಕ್ಕೆ ಮರುವರ್ಷ ಶ್ರಾವಣದಲ್ಲಿ ಮತ್ತೆ ಹೋಗಿದ್ದೆ. ಹೊಸ ವಾಲ್ವ್ ಹಾಕಿ ಬೀಗ ಜಡಿದಿದ್ದರು. ಕಚೇರಿಯ ಮೊಳೆಗೆ ಬೀಗದ ಕೈ, ಅದರ ಕೆಳಗೆ ಒಂದು ರಿಜಿಸ್ಟರು. ನೀರು ಬಿಡುವ ಮೊದಲು ಅದರ ಬಣ್ಣ ನೋಡಿ ದಿನಾಂಕ, ಸಮಯ ಬರೆದು ಸಹಿ ಮಾಡಬೇಕಿತ್ತು. ಜುಲೈ ತಿಂಗಳ ಮೂವತ್ತೊಂದು ಸಾಲುಗಳಲ್ಲಿಯೂ ಒಂದೇ ಶಾಯಿಯಲ್ಲಿ, ಒಂದೇ ಕೈಬರಹದಲ್ಲಿ, "ಎಣ್ಣೆ ಕಂಡಿಲ್ಲ" ಎಂದಿತ್ತು. ಆಗಸ್ಟಿನ ಹಾಳೆಯಲ್ಲಿ ಬೇರೆ ಯಾರೋ ಬರೆಯತೊಡಗಿದ್ದರು. ಮೂರನೆಯ ತಾರೀಖಿನ ಸಾಲಿನಲ್ಲಿ "ಸ್ವಲ್ಪ ಕಂಡಿದೆ, ಬಿಟ್ಟಿಲ್ಲ" ಎಂದು ಪೆನ್ಸಿಲಿನಲ್ಲಿ ಗೀಚಿತ್ತು.