ಒಂದೇ ಬೆಂಚು, ಎರಡು ಕಾಂಬಿನೇಷನ್

ಎಂಟನೇ ತರಗತಿಯಿಂದ ಹತ್ತರವರೆಗೆ ಒಂದೇ ಬೆಂಚಿನಲ್ಲಿ ಕೂತ ಇಬ್ಬರು ಗೆಳತಿಯರು. ಎಸ್ಸೆಸ್ಸೆಲ್ಸಿ ಮುಗಿದು ಜೂನ್ ಬರುವಷ್ಟರಲ್ಲಿ ಒಬ್ಬಳು ಪಿಸಿಎಂಬಿ ತೆಗೆದುಕೊಂಡು ಮೂಡಬಿದಿರೆಯ ಹಾಸ್ಟೆಲ್ ಸೇರಿರುತ್ತಾಳೆ, ಇನ್ನೊಬ್ಬಳು ಊರಿನ ಸರ್ಕಾರಿ ಕಾಲೇಜಿನಲ್ಲಿ ಕಾಮರ್ಸ್. ದಸರಾ ರಜೆಯಲ್ಲಿ ಸಿಕ್ಕಾಗ ಹತ್ತು ನಿಮಿಷಕ್ಕೆ ಮಾತು ಖಾಲಿ. ಜಗಳವಾಗಿಲ್ಲ, ಯಾರೂ ಯಾರಿಗೂ ಮೋಸ ಮಾಡಿಲ್ಲ. ಆದರೂ ಊರಲ್ಲಿ ಉಳಿದವಳಿಗೆ ‘ಅವಳಿಗೆ ಜಂಭ ಬಂತು’ ಅನಿಸುತ್ತದೆ, ಹೋದವಳಿಗೆ ‘ಇವಳು ನನ್ನ ಮರೆತಳು’ ಅನಿಸುತ್ತದೆ. ಇಬ್ಬರ ಊಹೆಯೂ ಬಹುಪಾಲು ತಪ್ಪು.

ಗಂಟೆಗಳ ಲೆಕ್ಕ ಹಾಕಿ ನೋಡಿ. ಮುಖಪರಿಚಯ ಸಾಧಾರಣ ಸ್ನೇಹವಾಗಲು ಸುಮಾರು 50 ಗಂಟೆ, ಆಪ್ತ ಸ್ನೇಹವಾಗಲು 200 ಗಂಟೆಗೂ ಹೆಚ್ಚು ಒಡನಾಟ ಬೇಕು ಎಂದು ಅಮೆರಿಕದ ಕಾನ್ಸಸ್ ವಿಶ್ವವಿದ್ಯಾಲಯದ ಜೆಫ್ರಿ ಹಾಲ್ 2018ರಲ್ಲಿ ಅಂದಾಜು ಮಾಡಿದರು. ಅದರಲ್ಲೂ ಸುಮ್ಮನೆ ಹರಟಿದ ಹೊತ್ತಿಗೆ ಹೆಚ್ಚು ತೂಕ. ಶಾಲೆಯಲ್ಲಿ ಪಾಠದ ಪೀರಿಯಡ್‌ಗಳನ್ನು ಬಿಟ್ಟರೂ, ಹೋಗಿಬರುವ ದಾರಿ ಮತ್ತು ಊಟದ ಬಿಡುವು ಸೇರಿ ದಿನಕ್ಕೆ ಒಂದೂವರೆ ಗಂಟೆ ಇರುತ್ತದೆ. ವರ್ಷಕ್ಕೆ 200 ದಿನ ಎಂದರೆ 300 ಗಂಟೆ. ಅದಕ್ಕಾಗಿ ಯಾರೂ ಸಮಯ ಹೊಂದಿಸಲಿಲ್ಲ, ಟೈಮ್‌ಟೇಬಲ್ಲೇ ಕೊಟ್ಟಿತ್ತು. ಜೂನ್‌ನಲ್ಲಿ ನಿಂತುಹೋಗುವುದು ಇದೇ. ಆಮೇಲೆ ವಾರಕ್ಕೆ ಅರ್ಧ ಗಂಟೆ ಫೋನಿನಲ್ಲಿ ಮಾತಾಡಿದರೂ ವರ್ಷಕ್ಕೆ 26 ಗಂಟೆಯಷ್ಟೇ.

ದೂರವೊಂದೇ ಅಲ್ಲ, ಇಬ್ಬರ ನಡುವಿನ ವ್ಯತ್ಯಾಸವೂ ಕೆಲಸ ಮಾಡುತ್ತದೆ. ಅಮೆರಿಕದಲ್ಲಿ ಏಳನೇ ತರಗತಿಯಲ್ಲಿ ಹುಟ್ಟಿದ 573 ಸ್ನೇಹಗಳನ್ನು ಹನ್ನೆರಡನೇ ತರಗತಿಯವರೆಗೆ ಗಮನಿಸಿದ ಅಧ್ಯಯನವೊಂದು 2015ರಲ್ಲಿ ಪ್ರಕಟವಾಯಿತು. ಒಂದೇ ವರ್ಷದಲ್ಲಿ ಸುಮಾರು ಕಾಲುಭಾಗ ಮಾತ್ರ ಉಳಿದಿದ್ದವು, ಕೊನೆಗೆ ಉಳಿದದ್ದು ಶೇ. 1ರಷ್ಟು. ಸ್ನೇಹ ಮುರಿಯುವುದನ್ನು ಮುಂಚೆಯೇ ಸೂಚಿಸಿದ್ದು ಒಬ್ಬರ ದುರ್ಗುಣವಲ್ಲ, ಇಬ್ಬರ ನಡುವಿನ ವ್ಯತ್ಯಾಸ: ಓದಿನಲ್ಲಿ, ಸಹಪಾಠಿಗಳು ಮೆಚ್ಚುವುದರಲ್ಲಿ, ಕೈಮಾಡುವ ಸ್ವಭಾವದಲ್ಲಿ. ನಮ್ಮಲ್ಲಿ ಎಸ್ಸೆಸ್ಸೆಲ್ಸಿ ಫಲಿತಾಂಶ ಈ ವ್ಯತ್ಯಾಸಕ್ಕೆ ಅಂಕಿ ಹಚ್ಚುತ್ತದೆ. 625ಕ್ಕೆ ಒಬ್ಬಳಿಗೆ 608, ಇನ್ನೊಬ್ಬಳಿಗೆ 430. ಆ ವಾರ ಮನೆಯಲ್ಲಿ ‘ಅವಳನ್ನ ನೋಡಿ ಕಲಿ’ ಎನ್ನುವ ಹಿರಿಯರು ಗೆಳತಿಯ ಹೆಸರನ್ನೇ ಮುಳ್ಳು ಮಾಡುತ್ತಾರೆ. ದಯವಿಟ್ಟು ಆ ಮಾತು ಆಡಬೇಡಿ.

ಬ್ರಿಟನ್‌ನಲ್ಲಿ ಶಾಲೆ ಮುಗಿಸಿ ಕಾಲೇಜಿಗೋ ಕೆಲಸಕ್ಕೋ ಹೊರಟ 24 ವಿದ್ಯಾರ್ಥಿಗಳ ಫೋನ್ ಕರೆಗಳನ್ನು 18 ತಿಂಗಳು ದಾಖಲಿಸಿದಾಗ ಇನ್ನೊಂದು ವಿಷಯ ಗೊತ್ತಾಯಿತು. ಕರೆ ಹೋಗುವ ಜನ ಬದಲಾದರು. ಆದರೆ ಅತಿ ಆಪ್ತರಿಗೆ ಎಷ್ಟು ಪಾಲು, ನಂತರದವರಿಗೆ ಎಷ್ಟು ಎಂಬ ಹಂಚಿಕೆ ಪ್ರತಿಯೊಬ್ಬರಲ್ಲೂ ಹೆಚ್ಚುಕಡಿಮೆ ಹಾಗೇ ಇತ್ತು. ಮೊದಲ ಸಾಲಿನಲ್ಲಿ ಇರುವುದು ಕೆಲವೇ ಜಾಗ. ಹಾಸ್ಟೆಲ್ಲಿನ ಹೊಸ ರೂಮ್‌ಮೇಟ್ ಅಲ್ಲಿಗೆ ಬಂದರೆ ಹಳಬಳು ಒಂದು ಮೆಟ್ಟಿಲು ಇಳಿಯುತ್ತಾಳೆ. ಅದರಲ್ಲಿ ದ್ವೇಷವೇನೂ ಇರಬೇಕಿಲ್ಲ.

ಉಳಿಸಿಕೊಳ್ಳಬೇಕೆಂದರೆ ಕಳೆದುಹೋದ ಟೈಮ್‌ಟೇಬಲ್ಲಿನ ಜಾಗದಲ್ಲಿ ಚಿಕ್ಕದೊಂದನ್ನು ಇಡಬೇಕು. ‘ಬಿಡುವಾದಾಗ ಮಾಡ್ತೀನಿ’ ಎಂಬುದು ಸೋಲುತ್ತದೆ, ಯಾಕೆಂದರೆ ಸಿಇಟಿ, ನೀಟ್ ತಯಾರಿಯಲ್ಲಿ ಬಿಡುವೇ ಇಲ್ಲ. ‘ಭಾನುವಾರ ಸಂಜೆ ಆರಕ್ಕೆ, ಇಪ್ಪತ್ತು ನಿಮಿಷ’ ಎಂದು ನಿಗದಿ ಮಾಡಿದರೆ ನಡೆಯುತ್ತದೆ. ಮೊಬೈಲ್ ಬಿಡದ ಹಾಸ್ಟೆಲ್ಲಾದರೆ, ನೋಡಲು ಹೋಗುವ ಅಪ್ಪ-ಅಮ್ಮನ ಕೈಲಿ ಎರಡು ಪುಟದ ಕಾಗದ ಕಳಿಸಬಹುದು. ಶಾಲೆ ಮುಗಿಸಿ ಹೊರಟವರನ್ನು ಗಮನಿಸಿದ ಬ್ರಿಟನ್ನಿನ ಸಂಶೋಧಕರಾದ ರಾಬಿನ್ ಡನ್‌ಬಾರ್ ಮತ್ತು ಸ್ಯಾಮ್ ರಾಬರ್ಟ್ಸ್ ಅವರ ಅಧ್ಯಯನದಲ್ಲಿ, ಸರಾಸರಿಯಾಗಿ ಹುಡುಗಿಯರ ಸ್ನೇಹವನ್ನು ಹೆಚ್ಚು ಕಾಪಾಡಿದ್ದು ಮಾತು, ಹುಡುಗರದ್ದನ್ನು ಜೊತೆಗೂಡಿ ಮಾಡಿದ ಚಟುವಟಿಕೆ. ಹಾಗಾಗಿ ಫೋನಿನಲ್ಲಿ ‘ಹೂಂ, ಮತ್ತೆ?’ ಎಂದಷ್ಟೇ ಅನ್ನುವ ಹುಡುಗನಿಗೆ ರಜೆಯಲ್ಲಿ ಒಂದು ಕ್ರಿಕೆಟ್ ಮ್ಯಾಚ್ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಮಾತು ಬೇಗ ಖಾಲಿಯಾಗುವುದು ಇಬ್ಬರಿಗೂ ಗೊತ್ತಿರುವ ಜನ ಇಲ್ಲವಾದ್ದರಿಂದ. ಹೊಸ ಗೆಳತಿಯರ ಹೆಸರು ಹೇಳಿ, ಕೇಳಿ ನೆನಪಿಟ್ಟುಕೊಳ್ಳಿ. ಮೆಸ್ಸಿನ ಸಾಂಬಾರು, ಕೆಮಿಸ್ಟ್ರಿ ಲೆಕ್ಚರರ್ ಮಾತಿನ ಧಾಟಿ, ಎಲ್ಲ ಹೇಳಿ. ‘ಚೆನ್ನಾಗಿದೀನಿ’ ಅಂದರೆ ಮುಂದಿನ ವಾರಕ್ಕೆ ಎಳೆ ಸಿಗುವುದಿಲ್ಲ.

ಆಗಲೇ ಆರು ತಿಂಗಳ ಮೌನ ಬಿದ್ದಿದ್ದರೆ ಕಾರಣ ಬರೆಯಬೇಡಿ, ‘ನೀನ್ಯಾಕೆ ಫೋನ್ ಮಾಡ್ಲಿಲ್ಲ’ ಎಂದೂ ಕೇಳಬೇಡಿ. ಅನಿರೀಕ್ಷಿತವಾಗಿ ಬಂದ ಕುಶಲ ವಿಚಾರಣೆ ನಾವಂದುಕೊಂಡದ್ದಕ್ಕಿಂತ ಹೆಚ್ಚು ಖುಷಿ ಕೊಡುತ್ತದೆ ಎಂದು 2022ರ ಪ್ರಯೋಗಗಳು ತೋರಿಸಿವೆ. ಒಂದು ಸಾಲು ಸಾಕು: ‘ಇವತ್ತು ಸ್ಕೂಲ್ ಮುಂದೆ ಹೋದೆ ಕಣೇ, ನೆಲ್ಲಿಕಾಯಿ ಅಜ್ಜಿ ಇನ್ನೂ ಅಲ್ಲೇ ಕೂತಿದ್ರು, ನಿನ್ನ ಕೇಳಿದ್ರು.’