ವಿಯೆಟ್ನಾಂನ ವಿಷ ಕಾಫಿ ಬೀಜದಲ್ಲಿಲ್ಲ, ಕೆರೆಯ ಕೆಸರಿನಲ್ಲಿದೆ

ಹಾಸನದ ಗೊಬ್ಬರದ ಅಂಗಡಿಗಳಲ್ಲಿ ‘ಟೂ ಫೋರ್ ಡಿ’ ಅಂತ ಕೇಳಿದರೆ ಕಳೆ ಔಷಧಿಯ ಪ್ಯಾಕೆಟ್ಟು ತೆಗೆದುಕೊಡುತ್ತಾರೆ. ಮುಸುಕಿನ ಜೋಳ ಹಾಕಿದವರು, ಗದ್ದೆ ಮಾಡುವವರು ಹೊಡೆಯುವ ಔಷಧಿ ಅದು. ಬೆಲೆ ಕಡಿಮೆ. ಕಳೆ ತೆಗೆಯಲು ಆಳು ಸಿಗದ ಈ ಕಾಲದಲ್ಲಿ ಅನುಕೂಲವೂ ಜಾಸ್ತಿ. ವಿಯೆಟ್ನಾಂ ಯುದ್ಧದಲ್ಲಿ ಅಮೆರಿಕ ವಿಮಾನದಿಂದ ಸುರಿದ ‘ಏಜೆಂಟ್ ಆರೆಂಜ್’ನಲ್ಲಿ ಅರ್ಧ ಪಾಲು ಇದೇ 2,4-ಡಿ ಇತ್ತು.

ಹಾಗಂತ ಪ್ಯಾಕೆಟ್ಟನ್ನು ಈಗಲೇ ಬಿಸಾಡಬೇಡಿ. ಕಥೆ ಅಷ್ಟು ನೇರವಾಗಿಲ್ಲ.

ಚಿಕ್ಕಮಗಳೂರಿನ ಬೆಳೆಗಾರರಿಗೂ ವಿಯೆಟ್ನಾಂ ದೂರದ ಊರಲ್ಲ. ರೊಬಸ್ಟಾ ಬೆಳೆಯುವುದರಲ್ಲಿ ಜಗತ್ತಿಗೇ ಮೊದಲು ಅದು. ಅಲ್ಲಿ ಬೆಳೆ ಹೆಚ್ಚಾದರೆ ಇಲ್ಲಿ ಚೀಲದ ರೇಟು ಬೀಳುತ್ತದೆ, ಅಲ್ಲಿ ಬರ ಬಂದರೆ ಏರುತ್ತದೆ. 2024ರಲ್ಲಿ ಏರಿದ್ದು ಯಾರಿಗೂ ಮರೆತಿರಲಾರದು. ಅಷ್ಟೊಂದು ವಿಷ ಬಿದ್ದ ನೆಲದ ಕಾಫಿಯನ್ನು ಜನ ಹೇಗೆ ಕುಡಿಯುತ್ತಾರೆ ಎಂಬ ಅನುಮಾನ ಯಾರಿಗಾದರೂ ಬರಬಹುದು. ಪೈಪೋಟಿಯವರಲ್ವಾ, ಅನುಮಾನದ ಜೊತೆ ಒಂದಿಷ್ಟು ಆಸೆಯೂ ಬೆರೆತಿರಬಹುದು!

ಮೊದಲು ಔಷಧಿಯ ಕೆಲಸ ನೋಡೋಣ. ಗಿಡ ಬೆಳೆಯಲು ಆಕ್ಸಿನ್ ಎಂಬ ಹಾರ್ಮೋನು ಬೇಕು. 2,4-ಡಿ ಆ ಹಾರ್ಮೋನಿನ ವೇಷ ಹಾಕಿಕೊಂಡು ಒಳಗೆ ಹೋಗುತ್ತದೆ. ಅಗಲ ಎಲೆಯ ಗಿಡಕ್ಕೆ ಅದನ್ನು ಬೇಗ ಕರಗಿಸಿಕೊಳ್ಳಲು ಬರುವುದಿಲ್ಲ. ಅಡ್ಡಾದಿಡ್ಡಿ ಬೆಳೆದು, ಕಾಂಡ ತಿರುಚಿ, ಬೆಳೆದೂ ಬೆಳೆದೂ ಸಾಯುತ್ತದೆ. ಹುಲ್ಲಿನ ಜಾತಿಯ ಭತ್ತ, ಜೋಳ ತಡೆದುಕೊಳ್ಳುತ್ತವೆ. ಪಕ್ಕದ ಹೊಲದವರು ಹೊಡೆದ ಔಷಧಿ ಗಾಳಿಗೆ ಬಂದು ನಿಮ್ಮ ಟೊಮೆಟೊ ಎಲೆ ಮುದುರಿಕೊಂಡರೆ, ಆಗಿರುವುದು ಇದೇ. 1940ರ ದಶಕದಲ್ಲಿ, ಎರಡನೇ ಮಹಾಯುದ್ಧ ನಡೆಯುತ್ತಿದ್ದಾಗ, ಬ್ರಿಟನ್ ಮತ್ತು ಅಮೆರಿಕದ ವಿಜ್ಞಾನಿಗಳು ಇದನ್ನು ಗುಟ್ಟಾಗಿ ಬೆಳೆಸಿದರು. ಶತ್ರುವಿನ ಬೆಳೆ ಕೊಲ್ಲುವ ಯೋಚನೆ ಆಗಲೇ ಇತ್ತು.

ಕಾಡು ಎಂದರೆ ಹೊರಗಿನ ಸೈನ್ಯಕ್ಕೆ ಯಾವತ್ತೂ ತಲೆನೋವು. ನಮ್ಮ ಮಂಜರಾಬಾದ್ ಸೀಮೆಯಲ್ಲೇ ನೋಡಿ. ಬಲಂ ಪಾಳೆಯಗಾರ ಕಾಡನ್ನು ನಂಬಿಕೊಂಡು ಕಂಪನಿ ಸರ್ಕಾರಕ್ಕೆ ಸೆಡ್ಡು ಹೊಡೆದಿದ್ದ. 1802ರಲ್ಲಿ ಬ್ರಿಟಿಷ್ ಸೇನಾಧಿಕಾರಿ ಆರ್ಥರ್ ವೆಲ್ಲೆಸ್ಲಿ ಸೈನ್ಯ ನುಗ್ಗಿಸಿ ಅವನನ್ನು ಹಿಡಿದು ಗಲ್ಲಿಗೇರಿಸಿದ. ಮತ್ತೆ ಯಾರೂ ಅಡಗದಿರಲಿ ಎಂದು ಕಾಡು ಕಡಿದು ದಾರಿ ಮಾಡಿಸಿದ. ಆಗ ಕೊಡಲಿ ಇತ್ತು. ಸುಮಾರು 150 ವರ್ಷದ ಮೇಲೆ ಅದೇ ಬ್ರಿಟಿಷರು ಮಲಯದಲ್ಲಿ (ಈಗಿನ ಮಲೇಷ್ಯಾ) ಬಂಡಾಯಗಾರರ ವಿರುದ್ಧ ರಸ್ತೆ ಬದಿಯ ಪೊದೆಗೂ ಅವರು ಬೆಳೆದ ಬೆಳೆಗೂ 2,4-ಡಿಯ ಜಾತಿಯದೇ ಆದ 2,4,5-ಟಿ ಎಂಬ ಕಳೆನಾಶಕ ಸಿಂಪಡಿಸಿದರು. 1961ರಲ್ಲಿ ವಿಯೆಟ್ನಾಂನಲ್ಲಿ ಇದನ್ನೇ ಮಾಡಬಹುದೇ ಎಂಬ ಚರ್ಚೆ ವಾಷಿಂಗ್ಟನ್ನಿನಲ್ಲಿ ನಡೆದಾಗ, ‘ಬ್ರಿಟಿಷರು ಮಲಯದಲ್ಲಿ ಮಾಡಿದ್ದಾರಲ್ಲ’ ಎಂಬ ಮೇಲ್ಪಂಕ್ತಿ ಕೈಯಲ್ಲೇ ಇತ್ತು.

ಆಮೇಲೆ ಸುಮಾರು ಹತ್ತು ವರ್ಷ, 1971ರವರೆಗೆ, 7 ಕೋಟಿ ಲೀಟರಿಗೂ ಹೆಚ್ಚು ಕಳೆನಾಶಕ ಸುರಿದರು. ಡ್ರಮ್ಮಿನ ಮೇಲೆ ಬಳಿದ ಪಟ್ಟಿಯ ಬಣ್ಣವೇ ಔಷಧಿಯ ಹೆಸರು. ಕಿತ್ತಳೆ ಪಟ್ಟಿಯ ಡ್ರಮ್ಮಿನಲ್ಲಿ 2,4-ಡಿ ಮತ್ತು 2,4,5-ಟಿ ಸಮಪಾಲು. ಸುರಿದದ್ದು ಎಷ್ಟು, ಯಾರ ಮೇಲೆ ಎಂಬ ಲೆಕ್ಕ ಬಹಳ ಕಾಲ ಸರಿಯಾಗಿ ಸಿಕ್ಕಿರಲಿಲ್ಲ. 2003ರಲ್ಲಿ ಜೀನ್ ಸ್ಟೆಲ್‌ಮನ್ ಎಂಬ ಸಂಶೋಧಕಿ ಮತ್ತು ಜೊತೆಗಾರರು ವಿಮಾನಗಳ ಹಾರಾಟದ ದಾಖಲೆಗಳನ್ನು ಹಳ್ಳಿಗಳ ಪಟ್ಟಿಯ ಜೊತೆ ಇಟ್ಟು ನೋಡಿದರು. ಔಷಧಿ ನೇರವಾಗಿ ಬಿದ್ದ ಹಳ್ಳಿಗಳಲ್ಲಿ ಕನಿಷ್ಠ 21 ಲಕ್ಷ ಜನ ಇದ್ದರು, 48 ಲಕ್ಷವೂ ಇರಬಹುದು ಎಂದು ಗೊತ್ತಾಯಿತು.

ಇಷ್ಟಾದರೂ ನಿಜವಾದ ವಿಷ ಆ ಎರಡು ಔಷಧಿಗಳಲ್ಲ. 2,4,5-ಟಿ ತಯಾರಿಸುವ ಹಂತದಲ್ಲಿ ಟ್ರೈಕ್ಲೋರೊಫೀನಾಲ್ ಎಂಬ ವಸ್ತುವನ್ನು ಕಾಯಿಸಿ ಮಾಡಬೇಕು. ಶಾಖ ಹದ ಮೀರಿದರೆ ಅದರ ಎರಡೆರಡು ಅಣುಗಳು ಒಂದಕ್ಕೊಂದು ಅಂಟಿಕೊಂಡು ಟಿಸಿಡಿಡಿ ಎಂಬ ಘೋರ ವಿಷ ಹುಟ್ಟುತ್ತದೆ; ಡಯಾಕ್ಸಿನ್ ಎಂಬ ಗುಂಪಿನದು ಅದು. ಹತ್ತು ಲಕ್ಷದಲ್ಲಿ ಕೆಲವೇ ಭಾಗ ಬೆರೆತರೂ ಸಾಕು. ನಿಧಾನವಾಗಿ, ಕಡಿಮೆ ಶಾಖದಲ್ಲಿ ಮಾಡಿದರೆ ಇದು ಬಹಳ ಕಡಿಮೆಯಾಗುತ್ತದೆ. ಆದರೆ ಸೈನ್ಯಕ್ಕೆ ಬೇಗ ಬೇಕಿತ್ತು, ಜಾಸ್ತಿ ಬೇಕಿತ್ತು. ಗೊತ್ತಿಲ್ಲದೆ ಆಯಿತು ಎನ್ನಲೂ ಆಗದು. 1949ರಲ್ಲೇ ಅಮೆರಿಕದ ನೈಟ್ರೊ ಎಂಬ ಊರಿನ 2,4,5-ಟಿ ಕಾರ್ಖಾನೆಯಲ್ಲಿ ಅವಘಡವಾಗಿ, ಕಾರ್ಮಿಕರ ಮೈಮೇಲೆ ಬೇಗ ವಾಸಿಯಾಗದ ಗುಳ್ಳೆಗಳೆದ್ದಿದ್ದವು.

ಹಾಸನದ ಅಂಗಡಿಯ 2,4-ಡಿ ಬೇರೆ ದಾರಿಯಲ್ಲಿ ತಯಾರಾಗುವುದರಿಂದ ಟಿಸಿಡಿಡಿಯ ಕಾಟ ಅದಕ್ಕೆ ಅಷ್ಟಾಗಿ ಇಲ್ಲ. ಹಾಗೆಂದು ಅದು ಸಾಧುವೂ ಅಲ್ಲ. ಕ್ಯಾನ್ಸರ್ ತರುವ ಸಾಧ್ಯತೆ ಇರುವ ವಸ್ತುಗಳ ಪಟ್ಟಿಯಲ್ಲಿ 2015ರಿಂದ ಅದೂ ಇದೆ. ಮುಖಕ್ಕೆ ಬಟ್ಟೆ ಕಟ್ಟದೆ, ಬರಿಗೈಯಲ್ಲಿ ಬೆರೆಸುವುದನ್ನು ಬಿಟ್ಟರೆ ಒಳ್ಳೆಯದು.

ಈಗ ಕಾಫಿಯ ಪ್ರಶ್ನೆ. ಡಯಾಕ್ಸಿನ್ ಬಾಣಲೆಯ ಜಿಡ್ಡಿನಂತೆ, ನೀರಿಗೆ ಜಗ್ಗುವುದಿಲ್ಲ. ನೀರಿನಲ್ಲಿ ಕರಗದ್ದನ್ನು ಬೇರು ಹೀರಿಕೊಂಡು ಹಣ್ಣಿನವರೆಗೆ ಸಾಗಿಸುವುದು ಕಷ್ಟ. ಎಲೆಯ ಮೇಲೆ ಬಿದ್ದದ್ದನ್ನು ಬಿಸಿಲು ಬೇಗನೆ ಒಡೆಯುತ್ತದೆ. ಅದೂ ಅಲ್ಲದೆ ಅಲ್ಲಿನ ತೋಟಗಳಲ್ಲಿ ಬಹುಪಾಲು ಯುದ್ಧ ಮುಗಿದ ಮೇಲೆ, ಅದರಲ್ಲೂ 1986ರ ಆರ್ಥಿಕ ಸುಧಾರಣೆಯ ನಂತರ ಎದ್ದವು. ಹಾಗಾಗಿ ಲೋಟದಲ್ಲಿ ಡಯಾಕ್ಸಿನ್ ಹುಡುಕುವುದು ಸುಮ್ನೆ.

ಹುಡುಕಬೇಕಾದ್ದು ಬಿಸಿಲು ತಾಗದ ಕಡೆ. ಡ್ರಮ್ಮುಗಳನ್ನು ಇಟ್ಟು, ತುಂಬಿ, ತೊಳೆಯುತ್ತಿದ್ದ ವಾಯುನೆಲೆಗಳಲ್ಲಿ ಔಷಧಿ ಸೋರಿ ಮಣ್ಣಿಗಿಳಿಯಿತು. ಮಳೆನೀರು ಆ ಮಣ್ಣನ್ನು ಪಕ್ಕದ ಕೆರೆಗೆ ಎಳೆಯಿತು. ಕೆಸರಿನಡಿಯಲ್ಲಿ ಅದು ಹಲವು ದಶಕ ಹಾಗೇ ಇರುತ್ತದೆ. ಕೆಸರು ಕೆದಕುವ ಮೀನು, ಬಾತುಕೋಳಿಯ ಕೊಬ್ಬಿಗೆ ಸೇರುತ್ತದೆ. ಅವನ್ನು ತಿಂದವರ ಕೊಬ್ಬಿಗೆ ಬರುತ್ತದೆ, ತಾಯಿಯ ಹಾಲಿನಲ್ಲಿ ಮಗುವಿಗೂ ಹೋಗುತ್ತದೆ. ಮನುಷ್ಯನ ಮೈಯಲ್ಲಿ ಅರ್ಧದಷ್ಟು ಕಡಿಮೆಯಾಗಲು ಸುಮಾರು 7ರಿಂದ 11 ವರ್ಷ ಬೇಕು. ಡಾ ನಾಂಗ್, ಬಿಯೆನ್ ಹೋವಾ ವಾಯುನೆಲೆಗಳ ಸುತ್ತ ಯುದ್ಧದ ಎಷ್ಟೋ ವರ್ಷಗಳ ನಂತರ ಹುಟ್ಟಿದವರ ರಕ್ತದಲ್ಲೂ ಇದು ಸಿಕ್ಕಿದ್ದು ಹೀಗೆ. ಇಡೀ ದೇಶ ವಿಷ ಎನ್ನುವುದಕ್ಕಿಂತ ಇದು ಭೀಕರ ಅಂತ ನನಗೆ ಅನಿಸುತ್ತದೆ. ಯಾವ ನೆಲೆ, ಯಾವ ಕೆರೆ ಎಂದು ಬೆರಳಿಟ್ಟು ತೋರಿಸಬಹುದು. ಅಲ್ಲಿ ಡ್ರಮ್ಮು ಇಟ್ಟವರು ಯಾರು ಎಂದೂ ಗೊತ್ತು.

ಆದರೂ ನ್ಯಾಯದ ತಕ್ಕಡಿ ಒಂದೇ ಕಡೆ ವಾಲಿತು. ಅಮೆರಿಕದ ಮಾಜಿ ಸೈನಿಕರಿಗೆ 1984ರಲ್ಲಿ ಔಷಧಿ ತಯಾರಿಸಿದ ಕಂಪನಿಗಳಿಂದ 18 ಕೋಟಿ ಡಾಲರ್ ಪರಿಹಾರ ಒಪ್ಪಂದವಾಯಿತು. 1991ರಲ್ಲಿ ಅವರಿಗಾಗಿಯೇ ಕಾಯ್ದೆ ಬಂತು. ವಿಯೆಟ್ನಾಂನ ಸಂತ್ರಸ್ತರು ಹಾಕಿದ ದಾವೆಯನ್ನು ನ್ಯೂಯಾರ್ಕಿನ ನ್ಯಾಯಾಲಯ 2005ರಲ್ಲಿ ವಜಾ ಮಾಡಿತು.

ಮಣ್ಣು ತೊಳೆಯುವ ಕೆಲಸಕ್ಕೆ ಮಾತ್ರ ಅಮೆರಿಕ ಕೊನೆಗೂ ಹಣ ಹಾಕಿತು. ಡಾ ನಾಂಗ್‌ನಲ್ಲಿ ಸುಮಾರು 90,000 ಘನ ಮೀಟರ್ ಮಣ್ಣನ್ನು ದೊಡ್ಡ ಕಾಂಕ್ರೀಟ್ ಕಟ್ಟಡದೊಳಗೆ ತುಂಬಿ ಕನಿಷ್ಠ 335 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಿದರು. ಅಷ್ಟು ಶಾಖಕ್ಕೆ ಡಯಾಕ್ಸಿನ್ ಮಣ್ಣು ಬಿಟ್ಟು ಒಡೆದುಹೋಗುತ್ತದೆ. ಅಲ್ಲಿನ ಕೆಲಸ 2018ರಲ್ಲಿ ಮುಗಿಯಿತು. ಬಿಯೆನ್ ಹೋವಾದಲ್ಲಿ ಇರುವುದು ಸುಮಾರು 5 ಲಕ್ಷ ಘನ ಮೀಟರ್. 2019ರಲ್ಲಿ ಅಲ್ಲಿ ಕೆಲಸ ಶುರುವಾಯಿತು. 2025ರ ಆರಂಭದಲ್ಲಿ ಅಮೆರಿಕದ ಹೊಸ ಸರ್ಕಾರ ವಿದೇಶಿ ನೆರವನ್ನು ತಡೆದಾಗ, ಅಗೆದ ಮಣ್ಣು ಬಯಲಿನಲ್ಲೇ ಬಿದ್ದಿರುವಾಗ ಈ ಕೆಲಸವೂ ಕೆಲವು ವಾರ ನಿಂತಿತು.